ಉಣ್ಣೆಯಲ್ಲೇ ಇಳಿದ ಬಣ್ಣ

ನಾನು ಮ್ಯಾಟ್ರಿಕ್ ತರಗತಿಯಲ್ಲಿದ್ದಾಗ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ಪ್ರತಿ ಶುಕ್ರವಾರ ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ನುಡಿಗಟ್ಟು ಬರೆಯುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಧಾರವಾಡದ ಹೆಣ್ಣುಮಕ್ಕಳ ಸಾಲೆ ಅದು. ತರಗತಿಯಲ್ಲಿ ನಾವು ಹದಿನಾರು ಜನ ಇದ್ದೆವು. ಮಾಸ್ತರರಿಗೆ ಐವತ್ತು ದಾಟಿತ್ತು. ಬಿಳಿ ಧೋತರ, ಕರಿಯ ಕೋಟು, ತಲೆಗೆ ರುಮಾಲು. ನುಡಿಗಟ್ಟುಗಳಿಗೆಂದೇ ನಮ್ಮಿಂದ ಒಂದು ಬೇರೆ ನೋಟುಬುಕ್ಕು ಇಡಿಸಿದ್ದರು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಅರ್ಥ ಬರೆಯಬೇಕು, ಬಲಕ್ಕೆ ಅದು ಹುಟ್ಟಿದ ಬಗೆ. ಅರ್ಥವನ್ನು ಮರೆಯಬಹುದು, ಹುಟ್ಟಿದ ಕತೆಯನ್ನು ಯಾರೂ ಮರೆಯುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ಹಡಗಿನವರ ಬಾಯಿಂದ ಬಂದ ಮಾತುಗಳು ಬಂದಾಗ ಮಾತ್ರ ಅವರು ಕಷ್ಟಪಡುತ್ತಿದ್ದರು, ಏಕೆಂದರೆ ನಮ್ಮಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ. ಮೇಜಿನ ಮೇಲೆ ಡಬ್ಬಿ ಇಟ್ಟು, ಅದಕ್ಕೊಂದು ಕಡ್ಡಿ ನಿಲ್ಲಿಸಿ, ಹಡಗು ಮಾಡಿ ತೋರಿಸುತ್ತಿದ್ದರು.

ಆ ಶುಕ್ರವಾರ ಅವರು ಬರೆದದ್ದು ‘ಡೈಡ್ ಇನ್ ದ ವುಲ್’ ಎಂಬ ಮಾತು. ಪದಕ್ಕೆ ಪದ ಬಿಡಿಸಿದರೆ, ಉಣ್ಣೆಯಾಗಿದ್ದಾಗಲೇ ಬಣ್ಣ ಹಾಕಿಸಿಕೊಂಡದ್ದು. ಎಡಗಡೆ ಬರೆದುಕೊಳ್ಳಲು ಹೇಳಿದರು: ತನ್ನ ನಂಬಿಕೆಯಲ್ಲಿ ಒಳಗೂ ಹೊರಗೂ ಒಂದೇ ಆಗಿದ್ದು, ಯಾರು ಏನು ಹೇಳಿದರೂ ಬದಲಾಗದ ಮನುಷ್ಯ. ಇಂಗ್ಲೆಂಡಿನ ಪಾರ್ಲಿಮೆಂಟಿನ ಯಾರೋ ಒಬ್ಬರನ್ನು ಪತ್ರಿಕೆಯವರು ಹೀಗೆ ಕರೆದದ್ದನ್ನು ಉದಾಹರಣೆ ಕೊಟ್ಟರು. ಆಮೇಲೆ ಸೀಸದಕಡ್ಡಿ ಕೆಳಗಿಡಲು ಹೇಳಿದರು.

“ಬಲಗಡೆ ಏನೂ ಬರೀಬ್ಯಾಡ್ರಿ. ಇದರ ಹುಟ್ಟು ನನಗ ಗೊತ್ತಿಲ್ಲ. ಬಣ್ಣಾ ನೇಯ್ದ ಅರಿವಿಗೆ ಹಾಕ್ತಾರ. ಉಣ್ಣಿಗೆ ಹಾಕೂದ್ರಾಗ ಏನು ಹೆಚ್ಚಿಂದು ಅದ ಅನ್ನೂದು ನನ್ನ ಪುಸ್ತಕದಾಗ ಇಲ್ಲ,” ಎಂದರು.

ಒಬ್ಬ ಮಾಸ್ತರರು ತನಗೆ ಗೊತ್ತಿಲ್ಲ ಎಂದು ಇಷ್ಟು ಸರಳವಾಗಿ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅದೇ ನನ್ನನ್ನು ಎಬ್ಬಿಸಿ ನಿಲ್ಲಿಸಿತೆಂದು ಕಾಣುತ್ತದೆ. ಇಲ್ಲದಿದ್ದರೆ ನಾನು ಏಳುವವಳಲ್ಲ. ನನ್ನ ಜೊತೆಗಿದ್ದವರು ಹೆಚ್ಚಾಗಿ ವಕೀಲರ, ಕಚೇರಿಯವರ ಮಕ್ಕಳು. ನಮ್ಮ ಮನೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿತ್ತು. ವಾರವೆಲ್ಲ ಧಾರವಾಡದಲ್ಲಿ ದೊಡ್ಡವ್ವನ ಮನೆಯಲ್ಲಿದ್ದು, ಶನಿವಾರ ರೈಲಿನಲ್ಲಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳುತ್ತಿದ್ದೆ. ಮನೆಯ ಉದ್ಯೋಗ ಏನೆಂದು ಕೇಳಿದವರಿಗೆ ನೂಲಿನ ವ್ಯಾಪಾರ ಎಂದಿದ್ದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಸೋಮವಾರ ನನ್ನ ಕೂದಲಿಗೆ ನೀಲಿ ಬಣ್ಣ ಹುಳಿಯಿಡುವ ಮಣ್ಣಿನ ಹರವಿಯ ವಾಸನೆ ಹತ್ತಿರುತ್ತಿತ್ತು. ಹುಳಿ ಬಂದ ಹಿಟ್ಟು, ಸುಣ್ಣ, ಒದ್ದೆ ಮಣ್ಣು ಕೂಡಿದಂಥ ವಾಸನೆ. ಪಕ್ಕದಲ್ಲಿ ಕೂಡುವವಳು ಅದೇನೆಂದು ಒಮ್ಮೆ ಕೇಳಿದ್ದಳು. ಎಣ್ಣೆ ಎಂದು ಹೇಳಿದ್ದೆ.

ಎದ್ದು ನಿಂತ ಮೇಲೆ ಹೇಳಲೇಬೇಕಾಯಿತು. ನೇಯ್ದ ಬಟ್ಟೆಗೆ ಹಾಕಿದ ಬಣ್ಣ ಮೇಲುಮೇಲಷ್ಟೇ ಕೂಡುತ್ತದೆ, ನೂಲಿಗೆ ಹಾಕಿದ್ದು ಇನ್ನಷ್ಟು ಒಳಗೆ ಹೋಗುತ್ತದೆ, ನೂಲುವುದಕ್ಕೂ ಮೊದಲೇ ಉಣ್ಣೆಗೆ ಹಾಕಿದರೆ ಒಂದೊಂದು ಕೂದಲೆಳೆಗೂ ಹತ್ತುತ್ತದೆ ಎಂದೆ. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಮಾಸ್ತರರು ಕೇಳಿದರು.

“ನಮ್ಮ ಮನ್ಯಾಗ ಬಣ್ಣಾ ಹಾಕೂದ ಉದ್ಯೋಗರಿ.”

ಪಕ್ಕದವಳು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ಮಾಸ್ತರರು ಮಾತ್ರ ಬೋರ್ಡಿನ ಮೇಲಿನ ಸಾಲನ್ನು ಇನ್ನೊಮ್ಮೆ ಓದಿಕೊಂಡರು. ನಾನು ಹೇಳಿದ್ದು ಸರಿ ಕಾಣುತ್ತದೆ, ಆದರೆ ಕಣ್ಣಾರೆ ನೋಡದೆ ಬಲಗಡೆ ಬರೆಸುವುದಿಲ್ಲ ಎಂದರು. ಬರುವ ರವಿವಾರ ನಿಮ್ಮ ಮನೆಗೆ ಬಂದರೆ ನಿಮ್ಮ ತಂದೆಯವರಿಗೆ ಅಡ್ಡಿಯಿಲ್ಲವಷ್ಟೇ ಎಂದು, ದೊಡ್ಡವರನ್ನು ಕೇಳುವ ಹಾಗೆ ನನ್ನನ್ನು ಕೇಳಿದರು.

ಮನೆಯಲ್ಲಿ ಹೇಳಿದಾಗ ಅಪ್ಪನಿಗೆ ಗಾಬರಿಯಾಯಿತು. ನಾನು ಸಾಲೆಯಲ್ಲಿ ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ಮಾಸ್ತರರು ದೂರು ಹೇಳಲು ಬರುತ್ತಿದ್ದಾರೆ ಎಂದುಕೊಂಡ. ಅವ್ವ ಅವರು ಏನು ನೋಡಲು ಬರುತ್ತಾರೆ ಎಂದಷ್ಟೇ ಕೇಳಿದಳು. ಉಣ್ಣೆಗೆ ಬಣ್ಣ ಹಾಕುವುದನ್ನು ಎಂದೆ. ಅವಳು ಮತ್ತೇನೂ ಕೇಳದೆ ಅಟ್ಟದಿಂದ ಒಂದು ಗಂಟು ಇಳಿಸಿ ಬಿಚ್ಚತೊಡಗಿದಳು.

ಇಲ್ಲಿ ನಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಹರವಿ ಅವ್ವನದಾಗಿತ್ತು. ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಇದ್ದ ವಿದ್ಯೆಯನ್ನೆಲ್ಲ ಕಿರಿಮಗಳಿಗೆ ಕಲಿಸಿದ್ದ. ನಮ್ಮಪ್ಪ ಹೆಬ್ಬಳ್ಳಿಯ ಒಕ್ಕಲುತನದ ಮನೆಯಿಂದ ಮನೆ ಅಳಿಯನಾಗಿ ಬಂದವನು. ನೂಲಿನ ಲಡಿಗಳನ್ನು ತೊಳೆಯುವುದು, ಹಿಂಡುವುದು, ಬಿಸಿಲಿಗೆ ಹಾಕುವುದು, ನೇಕಾರರ ಮನೆಗೆ ಮುಟ್ಟಿಸುವುದು ಅವನ ಕೆಲಸ. ಅದನ್ನು ಅವನು ಬಹಳ ಚೊಕ್ಕಾಗಿ ಮಾಡುತ್ತಿದ್ದ. ಆದರೆ ಹಿತ್ತಲಲ್ಲಿ ಕತ್ತಿನ ತನಕ ನೆಲದಲ್ಲಿ ಹೂತಿದ್ದ ನಾಲ್ಕು ದೊಡ್ಡ ಹರವಿಗಳ ಹತ್ತಿರ ಅವನು ಕೇಳದೆ ಹೋಗುತ್ತಿರಲಿಲ್ಲ. ನೀಲಿಯ ಬಿಲ್ಲೆಗಳನ್ನು ಅರೆದು, ಸುಣ್ಣದ ತಿಳಿ ಹಾಕಿ, ಬೇಯಿಸಿದ ತಗಚೆ ಬೀಜ ಕೂಡಿಸಿ, ಅದನ್ನು ಹುಳಿ ಬರಿಸಿ, ಇವತ್ತು ಬಣ್ಣ ಹಿಡಿಯುತ್ತದೆಯೋ ಇಲ್ಲವೋ ಎಂದು ಹೇಳುವವಳು ಅವ್ವ. ಬೆರಳ ತುದಿ ಅದ್ದಿ ನಾಲಗೆಗೆ ಮುಟ್ಟಿಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಆಗಲಿ ಅಂದರೆ ಅಪ್ಪ ಲಡಿ ತರುತ್ತಿದ್ದ. ಅಷ್ಟೊತ್ತಿಗೆ ಪೇಟೆಯಲ್ಲಿ ಎಲ್ಲರೂ ಪರದೇಶದ ಡಬ್ಬಿಯ ಪುಡಿ ಕಲಸಿ ಒಂದು ತಾಸಿನಲ್ಲಿ ಕೆಲಸ ಮುಗಿಸುತ್ತಿದ್ದರು. ಅವ್ವನ ಹರವಿಗೆ ಎಂಟು ದಿನ ಬೇಕು. ಆದರೂ ಕೆಲವು ನೇಕಾರರು, ಕಂಬಳಿಯ ಅಂಚಿಗೆ ನೀಲಿ ಬೇಕಾದ ಕುರುಬರು, ಅವಳನ್ನು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ.

ರವಿವಾರ ಬೆಳಿಗ್ಗೆ ಮಾಸ್ತರರು ಸ್ಟೇಷನ್ನಿನಿಂದ ನಡೆದೇ ಬಂದರು. ನಮ್ಮ ಓಣಿಯಲ್ಲಿ ಅಂಥ ರುಮಾಲಿನವರು ಬರುವುದು ಅಪರೂಪ. ಮಗ್ಗದ ಸಪ್ಪಳ ಒಂದೆರಡು ಮನೆಗಳಲ್ಲಿ ನಿಂತಿತು. ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ. ಅವರು ನೀರು ಕೇಳಿ ಕುಡಿದರು. ಎದುರು ಮನೆಯವರು ಅದನ್ನು ನೋಡಿದರು, ನೋಡಿದ್ದನ್ನು ನಾವೂ ನೋಡಿದೆವು. ಮಾಸ್ತರರು ನುಡಿಗಟ್ಟಿನ ವಿಷಯ ಹೇಳಿ, ಉಣ್ಣೆಗೆ ಮೊದಲೇ ಬಣ್ಣ ಹಾಕಿದರೆ ಏನಾಗುತ್ತದೆ, ಅದನ್ನು ತೋರಿಸಿಕೊಡಬೇಕು ಎಂದು ಅಪ್ಪನನ್ನು ಕೇಳಿಕೊಂಡರು.

ಅಪ್ಪ ಒಂದು ಗಳಿಗೆಯೂ ತಡಮಾಡಲಿಲ್ಲ. “ತೊಳೆಯೂದು, ಒಣಗಸೂದು ನಂದ್ರಿ ಮಾಸ್ತರ್ರ. ಹರವಿ ಇಕೀದು. ಆ ವಿದ್ಯಾ ಇಕೀ ಕೈಯಾಗೈತಿ. ಇಕೀನ್ನ ಕೇಳ್ರಿ,” ಎಂದ.

ಅವ್ವ ಬಾಗಿಲ ಒಳಗೆ ನಿಂತಿದ್ದಳು. ಪರಗಂಡಸರ ಎದುರಿಗೆ ಬಂದು ಮಾತಾಡುವ ರೂಢಿ ಅವಳಿಗಿರಲಿಲ್ಲ. ಮಾಸ್ತರರು ಎದ್ದು ಹೊಸ್ತಿಲ ತನಕ ಬಂದರು, ದಾಟಲಿಲ್ಲ. ರುಮಾಲು ಸರಿಮಾಡಿಕೊಂಡರು.

“ಅವ್ವಾರ, ನಾ ಕಲೀಲಿಕ್ಕೆ ಬಂದೇನಿ. ನಿಮಗ ಅಡ್ಡಿ ಇಲ್ಲಂದ್ರ ತೋರಸ್ರಿ.”

ಅವ್ವ ಸೆರಗು ಹೊದ್ದು ಹೊರಗೆ ಬಂದಳು. ಕೈಯಲ್ಲಿ ಮೂರು ಚೂರು ಉಣ್ಣೆಯ ಬಟ್ಟೆ ಇದ್ದವು. ಅಂಗೈ ಅಗಲದವು, ಮೂರೂ ನೀಲಿ. ನೋಡಿದರೆ ಒಂದಕ್ಕೊಂದು ಫರಕು ಕಾಣುತ್ತಿರಲಿಲ್ಲ. ಯಾವುದು ಛಲೋ ಹೇಳಿ ಎಂದು ಅವರ ಕೈಗೆ ಕೊಟ್ಟಳು. ಮಾಸ್ತರರು ಬಿಸಿಲಿಗೆ ಹಿಡಿದು, ತಿರುವಿ ನೋಡಿ, ಮಿರುಗುತ್ತಿದ್ದ ಒಂದನ್ನು ಆರಿಸಿದರು. ಅವ್ವ ಅದೇ ಚೂರಿನಿಂದ ಒಂದು ಎಳೆ ಕಿತ್ತಳು. ಎಳೆಯ ಮೇಲೆ ಸಾಲಾಗಿ ಬಿಳಿಯ ಚುಕ್ಕೆಗಳಿದ್ದವು. ನೇಯ್ಗೆಯಲ್ಲಿ ಒಂದರ ಮೇಲೊಂದು ಎಳೆ ಕೂತಲ್ಲೆಲ್ಲ ನೀಲಿ ಮುಟ್ಟಿರಲಿಲ್ಲ. ಅದು ನೇಯ್ದ ಮೇಲೆ ಅದ್ದಿದ ಬಟ್ಟೆ. ಎರಡನೆಯದರ ಎಳೆಯಲ್ಲಿ ಚುಕ್ಕೆ ಇರಲಿಲ್ಲ, ಆದರೆ ಅದರ ಹುರಿಯನ್ನು ಉಗುರಿನಿಂದ ಬಿಚ್ಚಿದಾಗ ನಡುವೆ ಬೆಳ್ಳಗೆ ಕಂಡಿತು. ಅದು ನೂಲಿಗೆ ಹಾಕಿದ ಬಣ್ಣ. ಮೂರನೆಯದನ್ನು ಅವ್ವ ಬಿಚ್ಚಲಿಲ್ಲ, ನೀವೇ ಬಿಚ್ಚಿರಿ ಎಂದಳು. ಮಾಸ್ತರರು ಎಳೆ ಕಿತ್ತರು, ಹುರಿ ಬಿಚ್ಚಿದರು, ಆ ಕೂದಲುಗಳನ್ನೂ ಒಂದೊಂದಾಗಿ ಬಿಡಿಸಿದರು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಎಲ್ಲಿಯೂ ಬಿಳಿ ಇರಲಿಲ್ಲ.

ಮೂರೂ ಚೂರುಗಳನ್ನು ತರಗತಿಗೆಂದು ಕೇಳಿ ಇಟ್ಟುಕೊಂಡರು. ಆಮೇಲೆ ಹರವಿ ನೋಡಬಹುದೇ ಎಂದು ಕೇಳಿದರು. ಹಿತ್ತಲಿಗೆ ಹೋದೆವು. ಕುರುಬರ ಉಣ್ಣೆಗೆಂದು ಅವ್ವ ಹಿಂದಿನ ವಾರವೇ ಒಂದು ಹರವಿಗೆ ಸುಣ್ಣ ಕಡಿಮೆ ಹಾಕಿ ಇಟ್ಟಿದ್ದಳು. ಸುಣ್ಣ ಹೆಚ್ಚಾದರೆ ಉಣ್ಣೆ ಸುಟ್ಟುಹೋಗುತ್ತದೆ. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿತ್ತು. ಅವಳು ತೊಳೆದ ಬಿಳಿ ಉಣ್ಣೆಯನ್ನು ಒಂದು ಹಿಡಿ ತೆಗೆದು ಮಾಸ್ತರರ ಕೈಗೆ ಕೊಟ್ಟು, ಮೆಲ್ಲಗೆ ಅದ್ದಿ ಒಳಗೇ ಹಿಡಿದುಕೊಳ್ಳಿ ಎಂದಳು. ನಾವು ಅದ್ದುತ್ತೇವೆ ಬಿಡಿ, ಕೈ ಕೆಡುತ್ತದೆ ಎಂದು ಅಪ್ಪ ಅಡ್ಡ ಬಂದ. ಮಾಸ್ತರರು ಕೋಟು ತೆಗೆದು ನನ್ನ ಕೈಗೆ ಕೊಟ್ಟು, ಅಂಗಿಯ ತೋಳು ಮಡಚಿ, ಮಂಡಿಯೂರಿ ಕೂತು ಎರಡೂ ಕೈ ಹರವಿಯೊಳಗೆ ಇಳಿಸಿದರು. ಅವ್ವ ಸಾಕು ಎನ್ನುವ ತನಕ ಅಲ್ಲಾಡಲಿಲ್ಲ. ಹೊರಗೆ ತೆಗೆದಾಗ ಉಣ್ಣೆ ನೀಲಿಯಾಗಿರಲಿಲ್ಲ, ಎಳೆಯ ಮಾವಿನಕಾಯಿಯಂತೆ ಹಸಿರಾಗಿತ್ತು. ಅವರು ನಮ್ಮ ಕಡೆ ನೋಡಿದರು. ತಾಳಿರಿ ಎಂದು ಅವ್ವ ಕೈ ತೋರಿಸಿದಳು. ಗಾಳಿ ತಾಕಿದಂತೆ ಹಸಿರು ಮಬ್ಬಾಗಿ, ಅಂಚಿನಿಂದ ಒಳಕ್ಕೆ ನೀಲಿ ಹರಿಯಿತು. ನಾನು ಹುಟ್ಟಿದಾಗಿನಿಂದ ನೋಡಿದ್ದು. ಆದರೂ ಅವರ ಮುಖ ನೋಡುತ್ತ ನೋಡುತ್ತ ನನಗೂ ಅದು ಮೊದಲ ಸಲದಂತೆ ಕಂಡಿತು.

ಹಾಗಾದರೆ ಎಲ್ಲ ಬಟ್ಟೆಯನ್ನೂ ಹೀಗೇ ಏಕೆ ಮಾಡುವುದಿಲ್ಲ ಎಂದು ಅವರು ಕೇಳಿದರು. ಕೆಲಸ ಬಹಳ, ಬಣ್ಣವೂ ಬಹಳ ಕುಡಿಯುತ್ತದೆ ಎಂದ ಅಪ್ಪ. ಅವ್ವ ತಲೆ ಅಲ್ಲಾಡಿಸಿದಳು. ಅದು ಕಾರಣವಲ್ಲ ಎಂಬಂತೆ.

“ನೇಯ್ದ ಅರಿವ್ಯಾಗ ತಪ್ಪಿದ್ರ ಇನ್ನೊಮ್ಮಿ ಅದ್ದಬಹುದ್ರಿ. ಉಣ್ಣ್ಯಾಗ ತಪ್ಪಿದ್ರ ಮುಗೀತು. ನೂತರೂ ತಪ್ಪು, ನೇಯ್ದರೂ ತಪ್ಪು. ಕೈ ಗಟ್ಟಿ ಇದ್ದಾಕಿ ಅಷ್ಟ ಹಾಕಬೇಕು.”

ಮಾಸ್ತರರು ಜೇಬಿನಿಂದ ಕಾಗದ ತೆಗೆಯಲು ಹೋಗಿ, ನೀಲಿಯಾದ ಕೈ ನೋಡಿ, ನನಗೆ ಬರೆದುಕೊಳ್ಳಲು ಹೇಳಿದರು. ಹೀಗೆ ಅವ್ವನ ಮಾತನ್ನು ನಾನು ಮೊದಲ ಸಲ ಬರಹಕ್ಕೆ ಇಳಿಸಿದೆ.

ಆಮೇಲೆ ಅವ್ವನೇ ಅವರನ್ನು ಕೇಳಿದಳು, ಇಂಗ್ಲಿಷಿನವರಿಗೆ ಈ ಮಾತು ಹೇಗೆ ಬಂತು ಎಂದು. ಮಾಸ್ತರರು ಕಟ್ಟೆಯ ಮೇಲೆ ಕೂತು ಹೇಳಿದರು. ನೂರಾರು ವರ್ಷಗಳ ಹಿಂದೆ ಅವರ ದೇಶದ ದೊಡ್ಡ ಸಂಪತ್ತು ಕುರಿಯ ಉಣ್ಣೆಯೇ ಆಗಿತ್ತಂತೆ. ಊರೂರಿನಲ್ಲಿ ನೂಲುವವರು, ನೇಯುವವರು, ಬಣ್ಣ ಹಾಕುವವರು. ಈಗ ತಮಗೆ ತಿಳಿಯಿತು, ಕೊಳ್ಳುವವರು ಅಲ್ಲಿಯೂ ಇದೇ ರೀತಿ ಎಳೆ ಕಿತ್ತು ನೋಡಿರಬೇಕು, ಉಣ್ಣೆಯಲ್ಲೇ ಬಣ್ಣ ಇಳಿದ ಬಟ್ಟೆ ಎಂದರೆ ನಂಬಿಕೆಯ ಬಟ್ಟೆ ಎಂಬ ಮಾತು ಹುಟ್ಟಿರಬೇಕು ಎಂದರು. ಉದ್ಯೋಗದವರ ಬಾಯಿಂದ ಅದು ಸಂತೆಗೆ ಬಂದು, ಧರ್ಮದ ವಾದ ಮಾಡುವವರ ಬಾಯಿಗೆ ಹೋಗಿ, ಕೊನೆಗೆ ರಾಜಕಾರಣಿಗಳ ಬಾಯಿಗೆ ಬಂದು ಕೂತಿತು. ಈಗ ಅದನ್ನು ಆಡುವ ಇಂಗ್ಲಿಷಿನವರಲ್ಲಿ ಎಷ್ಟೋ ಜನ ಬಣ್ಣದ ಹರವಿಯನ್ನು ನೋಡಿಯೇ ಇರುವುದಿಲ್ಲ ಎಂದರು.

“ಅದು ಹೊಗಳಿಕಿನೋ, ಬೈಗಳೋ?” ಎಂದಳು ಅವ್ವ.

ಮಾಸ್ತರರು ನಕ್ಕರು. ಆಡುವವರ ಮೇಲಿದೆ, ತನ್ನ ಪಕ್ಷದವನಿಗೆ ಅಂದರೆ ಹೊಗಳಿಕೆ, ಎದುರು ಪಕ್ಷದವನಿಗೆ ಅಂದರೆ ಬೈಗಳು ಎಂದರು. ತಿದ್ದಲು ಬರದ ಮೊಂಡ ಎಂಬ ಅರ್ಥವೂ ಅದರಲ್ಲಿದೆ. ಅವ್ವ ಸರಿ ಎಂದಳು, ಬಣ್ಣವೂ ಹಾಗೇ ಎಂಬಂತೆ. ಇಪ್ಪತ್ತೈದು ವರ್ಷ ಇಂಗ್ಲಿಷ್ ಕಲಿಸಿದರೂ ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ ಎಂದು ಅವರು ಅಪ್ಪನಿಗೆ ಹೇಳಿ ಹೋದರು.

ಸೋಮವಾರ ಅವರು ತರಗತಿಗೆ ಬಂದಾಗ ಮೊಣಕೈ ತನಕ ನೀಲಿ ಇತ್ತು. ಹುಣಸೆಹಣ್ಣು ತಿಕ್ಕಿದರೂ ಹೋಗಿಲ್ಲ ಎಂದು ಅವರೇ ಹೇಳಿಕೊಂಡರು. ಮೂರು ಚೂರು ಬಟ್ಟೆಗಳನ್ನೂ ತಂದಿದ್ದರು. ಹದಿನಾರು ಜನರಿಂದಲೂ ಎಳೆ ಕೀಳಿಸಿ ಹುರಿ ಬಿಚ್ಚಿಸಿದರು, ಆಮೇಲೆ ಬಲಗಡೆ ಬರೆಸಿದರು. ಬರೆಸಿ, ಇದನ್ನು ನನಗೆ ಕಲಿಸಿದವರು ಈಕೆಯ ತಾಯಿ ಎಂದು ನನ್ನ ಕಡೆ ಕೈ ತೋರಿಸಿದರು. ಆ ನೀಲಿ ಕೈ ನನ್ನತ್ತ ಚಾಚಿದ್ದಾಗ ನಾನು ತಲೆ ತಗ್ಗಿಸಲಿಲ್ಲ. ಪಕ್ಕದವಳು ಮಧ್ಯಾಹ್ನ ನನ್ನನ್ನು ಕರೆದು, ಒಂದು ರವಿವಾರ ತಾನೂ ಬರಬಹುದೇ ಎಂದು ಕೇಳಿದಳು.

ಕತೆ ಇಷ್ಟಕ್ಕೇ ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಮಾಸ್ತರರು ಈ ನುಡಿಗಟ್ಟಿನ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆದು ಸಾಲೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಶನಿವಾರ ನಾನು ಅದನ್ನು ಊರಿಗೆ ಒಯ್ದು ಓದಿದೆ. ಅಪ್ಪ, ಅವ್ವ ಇಬ್ಬರಿಗೂ ಓದು ಬರುತ್ತಿರಲಿಲ್ಲ. ಎಲ್ಲವೂ ಸರಿಯಾಗಿತ್ತು: ಬಿಳಿ ಚುಕ್ಕೆ, ಹುರಿಯ ನಡುವಿನ ಬಿಳಿ, ಹಸಿರು ನೀಲಿಯಾದದ್ದು, ಗಟ್ಟಿ ಕೈಯ ಮಾತು. ಆದರೆ ಇದನ್ನೆಲ್ಲ ತಮಗೆ ತೋರಿಸಿದವನು ‘ಕಮರಿಪೇಟೆಯ ಒಬ್ಬ ಬಣ್ಣಗಾರ’ ಎಂದು ಬರೆದಿದ್ದರು.

ಅವ್ವ ಮತ್ತೆ ಕೈಕೆಲಸಕ್ಕೆ ತಿರುಗಿದಳು. ಅಪ್ಪ ಆ ಸಾಲನ್ನು ಇನ್ನೊಮ್ಮೆ ಓದಿಸಿದ. ಹಾಗೆಂದರೆ ಯಾರು ಎಂದು ಕೇಳಿದ. ಓದಿದವರು ಅದು ನೀನೇ ಅಂದುಕೊಳ್ಳುತ್ತಾರೆ ಎಂದೆ. ಅವನು ಎದ್ದು ಹಿತ್ತಲಿಗೆ ಹೋದ. ಸೋಮವಾರ ಬೆಳಿಗ್ಗೆ ನಾನು ರೈಲಿಗೆ ಹೊರಟಾಗ ಒಗೆದ ಅಂಗಿ ಹಾಕಿಕೊಂಡು ತಲೆಗೆ ಪಟಕಾ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

ಅಪ್ಪ ನನ್ನ ಸಾಲೆಗೆ ಬಂದದ್ದು ಅದೊಂದೇ ಸಲ. ಮಾಸ್ತರರು ಖೋಲಿಯಿಂದ ಹೊರಗೆ ಬಂದು ಒಳಗೆ ಕರೆದು ಕುರ್ಚಿ ಕೊಟ್ಟರು. ಅಪ್ಪ ಕೂಡಲಿಲ್ಲ. ಲೇಖನ ಛಲೋ ಆಗಿದೆ, ಆದರೆ ಒಂದು ಮಾತು ತಪ್ಪಾಗಿದೆ ಎಂದ. ಮಾಸ್ತರರಿಗೆ ತಕ್ಷಣ ತಿಳಿಯಿತು. ಅದು ಮರೆವಿನಿಂದ ಆದದ್ದಲ್ಲ ಎಂದರು. ಮನೆತನಸ್ಥರ ಹೆಣ್ಣುಮಗಳ ಸುದ್ದಿ ಅಚ್ಚಿನಲ್ಲಿ ಬಂದರೆ, ನಾಲ್ಕು ಜನರ ಬಾಯಲ್ಲಿ ಬಂದರೆ, ನಿಮಗೆ ಬೇಸರವಾದೀತು ಎಂದು ಬೇಕೆಂದೇ ಹಾಗೆ ಬರೆದೆ ಎಂದರು. ಅವರು ಹೇಳಿದ್ದು ಆ ಕಾಲಕ್ಕೆ ಸರಿಯೇ. ಎಷ್ಟೋ ಗಂಡಸರು ಅದಕ್ಕಾಗಿ ಅವರಿಗೆ ಕೈಮುಗಿಯುತ್ತಿದ್ದರು.

ಅಪ್ಪ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಬ್ಯಾಸರ ಯಾಕ್ರಿ. ಆಕೀ ವಿದ್ಯಾ ನಂದಂತ ಮಂದಿ ಅಂದ್ರ ಅದು ನನಗ ಬ್ಯಾಸರ. ಇಪ್ಪತ್ತು ವರ್ಷ ಆಕೀ ಹಾಕಿದ ಬಣ್ಣಾ ತೊಳದೇನಿ, ಒಂದ ಲಡಿ ಬಣ್ಣಾ ಬಿಟ್ಟಿಲ್ಲ. ಹೆಣ್ಮಗಳು ಅಂತ ಬರೀರಿ.”

ಮಾಸ್ತರರು ಪತ್ರಿಕೆ ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದರು. ಬರೀತೇನಿ ಎಂದರು. ಅಪ್ಪ ಆಗ ಕುರ್ಚಿಯ ಮೇಲೆ ಕೂತ. ನಾನು ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ. ನನ್ನ ಹಿಂದೆ ನನ್ನ ತರಗತಿಯ ಅರ್ಧ ಜನ ನಿಂತಿದ್ದರು. ಅಪ್ಪನ ಮೇಲಿನ ಆ ಹೆಮ್ಮೆ ಎಷ್ಟು ದೊಡ್ಡದಿತ್ತೆಂದರೆ, ಅವನು ಹೊರಗೆ ಬಂದಾಗ ಅಳು ಬರಬಾರದೆಂದು ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ಹಿಂದಿನ ಲೇಖನದಲ್ಲಿ ಬಣ್ಣಗಾರ ಎಂದದ್ದು ಲೇಖಕರ ತಪ್ಪು; ಉಣ್ಣೆಗೆ ಬಣ್ಣ ಇಳಿಸುವ ವಿದ್ಯೆಯನ್ನು ಬಲ್ಲವರು, ತೋರಿಸಿದವರು, ಕಮರಿಪೇಟೆಯ ಒಬ್ಬ ಹೆಣ್ಣುಮಗಳು; ಈ ತಪ್ಪನ್ನು ತಿದ್ದಿಸಿದವರು ಅವರ ಪತಿ. ಇಷ್ಟೇ ಇತ್ತು. ಇದನ್ನು ಅವ್ವ ಕೈಕೆಲಸ ಬಿಟ್ಟು ಕೂತು ಕೇಳಿದಳು. ಧಾರವಾಡದಲ್ಲಿ ಇದನ್ನು ಎಷ್ಟು ಜನ ಓದಿರಬಹುದು ಎಂದು ವಿಚಾರಿಸಿದಳು. ಒಂದು ನೂರು ಜನ ಎಂದೆ. ನಮ್ಮ ಓಣಿಯಲ್ಲಿ ಎಷ್ಟು ಜನ ಎಂದಳು. ಯಾರೂ ಇಲ್ಲ, ಇಲ್ಲಿಗೆ ಈ ಪತ್ರಿಕೆ ಬರುವುದಿಲ್ಲ ಎಂದೆ.

“ಹಂಗಾದ್ರ ನೀನ ಓದು,” ಎಂದಳು.

ಮರುದಿನ ಊಟವಾದ ಮೇಲೆ ಅವಳೇ ಹೋಗಿ ಅಕ್ಕಪಕ್ಕದ ನೇಕಾರರ ಮನೆಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಳು. ಹತ್ತು ಹನ್ನೆರಡು ಜನ ನಮ್ಮ ಅಂಗಳದಲ್ಲಿ ಕೂತರು. ಒಬ್ಬಿಬ್ಬರು ಕಂಡಕಿಯನ್ನೂ ತಂದು ನೂಲು ಸುತ್ತುತ್ತ ಕೂತರು. ಅಪ್ಪ ಲಡಿ ಹರವುವ ನೆವ ಮಾಡಿಕೊಂಡು ಗೋಡೆಯ ಹತ್ತಿರವೇ ಇದ್ದ. ಅವ್ವ ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ದನಿ ತೆಗೆದು ಓದಬೇಕು, ಕಡೇ ಮನೆಯವರಿಗೂ ಕೇಳಬೇಕು ಎಂದಳು. ಮೊದಲು ಲೇಖನವನ್ನು ಪೂರ್ತಿ ಓದಿದೆ, ಆಮೇಲೆ ಆ ನಾಲ್ಕು ಸಾಲು. ಮೂಲೆಮನೆಯ ಮುದುಕಿಗೆ ಕಿವಿ ಮಂದ. ಅದರಲ್ಲಿ ಯಾರೆಂದು ಬರೆದಿದ್ದಾರೆ ಎಂದು ಕೇಳಿದಳು. ನಾನು ಅವ್ವನ ಕಡೆ ನೋಡಿದೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದು, ಎಲ್ಲರಿಗೂ ಕಾಣುವಂತೆ ಅಂಗಳದ ನಡುವೆ ಕೂತಿದ್ದಳು. ಆ ಸಾಲನ್ನು ಇನ್ನೊಮ್ಮೆ, ಇನ್ನಷ್ಟು ದೊಡ್ಡ ದನಿಯಲ್ಲಿ ಓದಿದೆ.